ಬೊಟುಲಿಸಂ ವಿಷವೂ ಸ್ವಾಯತ್ತ ನರಮಂಡಲವೂ

೧

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳು ೧೯೯೭ರ ವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಅಲ್ಲಿಂದೀಚೆಗೆ ಹಾವೇರಿ ಜಿಲ್ಲೆಗೆ ಸೇರಿದವು. ಬಾಡದ ಕನಕದಾಸರಿಂದಲೂ ಶಿಶುನಾಳದ ಶರೀಫರಿಂದಲೂ ಅಬಲೂರಿನ ಏಕಾಂತದ ರಾಮಯ್ಯನಿಂದಲೂ ಕನ್ನಡಿಗರಿಗೆಲ್ಲ ಪರಿಚಿತವಾದ ಈ ನಾಡಿನಲ್ಲಿ ಬೇಸಗೆ ಬಂದಿತೆಂದರೆ ಮನೆಮನೆಯಲ್ಲಿಯೂ ಆಹಾರಸಂಗ್ರಹದ ಕಾರ್ಯವು ನಡೆಯುತ್ತದೆ. ಮಾವಿನಕಾಯಿಯನ್ನು ಉಪ್ಪಿನಲ್ಲಿ ಹಾಕುವರು. ಹಪ್ಪಳ ಸಂಡಿಗೆಗಳನ್ನು ಬಿಸಿಲಿಗೆ ಒಣಗಿಸುವರು. ಮೆಣಸಿನಕಾಯಿಯನ್ನು ಉಪ್ಪು ಮಜ್ಜಿಗೆಗಳಲ್ಲಿ ನೆನೆಯಿಸಿ ಒಣಗಿಸಿ ಬಾಳಕವನ್ನು ಮಾಡುವರು. ಹಣ್ಣುಮೆಣಸಿನಕಾಯಿಯನ್ನು ಉಪ್ಪು ಹುಳಿಗಳೊಡನೆ ಅರೆದು ರಂಜಕವನ್ನು ತುಂಬಿಡುವರು. ಈ ವಸ್ತುಗಳು ವರ್ಷವಿಡೀ ಕೆಡದೆ ಉಳಿಯುವುದಕ್ಕೆ ಉಪ್ಪು, ಹುಳಿ, ಒಣಗು ಎಂಬ ಮೂರೇ ಮುಖ್ಯ ಕಾರಣಗಳು.

ಈ ಮೂರೂ ಇಲ್ಲದ ಕಡೆ, ತೇವವುಳ್ಳ ಆಹಾರವನ್ನು ಗಾಳಿ ಸೋಕದಂತೆ ಮುಚ್ಚಿ ಬೆಚ್ಚನೆಯ ಸ್ಥಳದಲ್ಲಿಟ್ಟರೆ, ಬಣ್ಣವೂ ವಾಸನೆಯೂ ಕೆಡದೆ ಇದ್ದಾಗಲೂ ಅದರಲ್ಲಿ ಒಂದು ಘೋರವಿಷವು ಹುಟ್ಟುವ ಸಂಭವವುಂಟು. ಆ ವಿಷದಿಂದಾಗುವ ವ್ಯಾಧಿಗೆ ಬೊಟುಲಿಸಂ ಎಂದು ಹೆಸರು. ವ್ಯಾಧಿಯು ವಿರಳವಾದುದು. ವಿರಳವಾದುದರಿಂದಲೇ ಅದರ ಗುರುತು ಸಿಕ್ಕುವುದು ತಡವಾಗಿ, ತಡವಾದುದರಿಂದ ಪ್ರಾಣಹಾನಿಯಾಗುವುದೂ ಉಂಟು. ಗುರುತನ್ನು ಮೊದಲೇ ಹಿಡಿಯಬೇಕಾದರೆ ಈ ವಿಷವು ಶರೀರದಲ್ಲಿ ಯಾವ ವ್ಯಾಪಾರವನ್ನು ನಿಲ್ಲಿಸುತ್ತದೆಂಬುದನ್ನು ತಿಳಿಯಬೇಕು. ಅದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಸಾಹಿತ್ಯವನ್ನು ಪಾಠಹೇಳುವವರಿಗೆ ಈ ವ್ಯಾಪಾರಗಳ ಪರಿಚಯವು ಬೇರೊಂದು ಹೆಸರಿನಿಂದ ಮೊದಲೇ ಉಂಟು. ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕಭಾವಗಳನ್ನು ಎಣಿಸಿದ್ದಾನೆ. ಇವು ಇಚ್ಛಾಮಾತ್ರದಿಂದ ಬರತಕ್ಕವಲ್ಲ. ನಟನು ಬೇಕೆಂದಾಗ ಕೈಯನ್ನೆತ್ತಬಹುದು. ಬೇಕೆಂದಾಗ ಬೆವರನ್ನು ಬರಿಸಲಾರನು. ಮನಸ್ಸು ಸಮಾಹಿತವಾಗಿ ಭಾವದಲ್ಲಿ ನಿಂತಾಗಲೇ ಅವು ತಾವಾಗಿ ತೋರುವುವು. ಹೀಗೆ ಆಂಗಿಕಕ್ಕೂ ಸಾತ್ತ್ವಿಕಕ್ಕೂ ಪ್ರಾಚೀನರು ಮಾಡಿದ ಭೇದವು ಆಧುನಿಕ ಶಾರೀರಶಾಸ್ತ್ರದ ಒಂದು ವಿಭಾಗಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಕೈಕಾಲುಗಳನ್ನು ಇಚ್ಛೆಯಂತೆ ಆಡಿಸುವ ನರಗಳು ಒಂದು ವರ್ಗ. ಇಚ್ಛೆಯ ಅಪ್ಪಣೆಯನ್ನು ಕಾಯದೆ ಹೃದಯ, ಕರುಳು, ಕಣ್ಣಿನ ಪಾಪೆ, ಬೆವರು, ಲಾಲೆ, ಕಣ್ಣೀರು ಇವುಗಳನ್ನು ನಡೆಯಿಸುವ ನರಗಳು ಇನ್ನೊಂದು ವರ್ಗ. ಈ ಎರಡನೆಯದೇ ಸ್ವಾಯತ್ತ ನರಮಂಡಲ. ನಾಡಿಯೆಂಬ ಶಬ್ದಕ್ಕೆ ವೈದ್ಯದಲ್ಲಿ ಧಮನಿಯ ಬಡಿತವೆಂದೂ ಯೋಗಶಾಸ್ತ್ರದಲ್ಲಿ ಪ್ರಾಣಮಾರ್ಗವೆಂದೂ ಬೇರೆ ಅರ್ಥಗಳಿರುವುದರಿಂದ ಇಲ್ಲಿ ನರವೆಂಬ ಶಬ್ದವನ್ನೇ ಇಟ್ಟುಕೊಂಡಿದೆ.

ಸ್ವಾಯತ್ತ ನರಮಂಡಲದಲ್ಲಿ ಎರಡು ಭಾಗಗಳುಂಟು. ಭಯ, ಕೋಪ, ಶ್ರಮಗಳಲ್ಲಿ ಹೃದಯದ ವೇಗವನ್ನು ಹೆಚ್ಚಿಸಿ, ಪಾಪೆಯನ್ನು ಅಗಲಿಸಿ, ಬೆವರನ್ನು ಹೊಮ್ಮಿಸುವುದು ಅನುವೇದನಾ ಭಾಗ. ವಿಶ್ರಾಂತಿಯಲ್ಲಿ ಹೃದಯವನ್ನು ನಿಧಾನಗೊಳಿಸಿ, ಲಾಲೆ ಕಣ್ಣೀರುಗಳನ್ನು ಸ್ರವಿಸಿ, ಜಠರ ಕರುಳುಗಳನ್ನು ಚಲಿಸುವಂತೆ ಮಾಡಿ, ಮೂತ್ರಾಶಯವನ್ನು ಬರಿದುಮಾಡುವುದು ಪರಾನುವೇದನಾ ಭಾಗ. ಎರಡರಲ್ಲಿಯೂ ವಾರ್ತೆಯು ಎರಡು ತಂತುಗಳ ಮೂಲಕ ಸಾಗುತ್ತದೆ. ಮಿದುಳು ಅಥವಾ ಬೆನ್ನುಹುರಿಯಿಂದ ಹೊರಟ ಮೊದಲನೆಯ ತಂತುವು ನರಗಂಟಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಎರಡನೆಯದು ಅಂಗವನ್ನು ಸೇರುತ್ತದೆ. ಒಂದು ತಂತುವಿನ ತುದಿಗೂ ಅದರ ಮುಂದಿರುವುದಕ್ಕೂ ನಡುವೆ ಅತಿಸೂಕ್ಷ್ಮವಾದ ಅಂತರವಿದೆ. ಈ ಅಂತರವನ್ನು ವಾರ್ತೆಯು ದಾಟುವುದು ರಾಸಾಯನಿಕ ದ್ರವ್ಯದಿಂದ. ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ, ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಸೋಕಿಸಿದಾಗ ಅದೂ ನಿಧಾನವಾಯಿತೆಂದು ಆಟ್ಟೋ ಲೋವಿಯು ೧೯೨೧ರಲ್ಲಿ ಪ್ರಕಟಪಡಿಸಿದನು. ಆ ದ್ರವ್ಯವು ಅಸೆಟೈಲ್‌ಕೋಲಿನ್ ಎಂದು ಮುಂದೆ ಸ್ಥಿರಪಟ್ಟಿತು. ಈ ವಿಷಯದಲ್ಲಿ ಪರಿಶ್ರಮಪಟ್ಟ ಲೋವಿಗೂ ಹೆನ್ರಿ ಡೇಲನಿಗೂ ೧೯೩೬ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ಅಸೆಟೈಲ್‌ಕೋಲಿನ್ನಿನ ಸ್ಥಾನಗಳನ್ನು ಗಮನದಲ್ಲಿಡತಕ್ಕದ್ದು. ಎರಡೂ ಭಾಗಗಳ ನರಗಂಟುಗಳಲ್ಲಿ ವಾಹಕವು ಅದೇ. ಪರಾನುವೇದನಾ ಭಾಗದ ಎರಡನೆಯ ತಂತುವಿನ ತುದಿಯಲ್ಲಿಯೂ ಅದೇ. ಅನುವೇದನಾ ಭಾಗಕ್ಕೆ ಸೇರಿದ್ದರೂ ಬೆವರಿನ ಗ್ರಂಥಿಗಳಿಗೆ ಹೋಗುವ ತಂತುಗಳಲ್ಲಿಯೂ ಅದೇ. ಇಚ್ಛಾಧೀನವಾದ ಸ್ನಾಯುಗಳನ್ನು ನರಗಳು ಮುಟ್ಟುವ ಸಂಧಿಗಳಲ್ಲಿಯೂ ಅದೇ. ಬೊಟುಲಿಸಂ ವಿಷದ ಲಕ್ಷ್ಯವು ಈ ಅಸೆಟೈಲ್‌ಕೋಲಿನ್ನಿನ ನಿರ್ಗಮನವೇ ಆದುದರಿಂದ, ಇಲ್ಲಿ ಹೇಳಿದ ಸ್ಥಾನಗಳನ್ನು ಬಲ್ಲವನು ವ್ಯಾಧಿಯ ಲಕ್ಷಣಗಳನ್ನು ತಾನೇ ಊಹಿಸಿ ಬರೆಯಬಹುದು.

೩

ಆ ಲಕ್ಷಣಗಳನ್ನು ಮೊಟ್ಟಮೊದಲು ಸಮಗ್ರವಾಗಿ ಬರೆದವನು ಒಬ್ಬ ಕವಿ. ಜರ್ಮನಿಯ ವುರ್ಟೆಂಬರ್ಗ್ ಸಂಸ್ಥಾನದಲ್ಲಿ ವೈದ್ಯನಾಗಿದ್ದ ಯುಸ್ಟಿನುಸ್ ಕೆರ್ನರ್ (೧೭೮೬-೧೮೬೨) ಸ್ವೇಬಿಯಾ ಪ್ರಾಂತದ ಕವಿಗಳಲ್ಲಿ ಪ್ರಸಿದ್ಧನು. ಅವನ ಹಾಡುಗಳಿಗೆ ರಾಬರ್ಟ್ ಶೂಮನ್ ೧೮೪೦ರಲ್ಲಿ ಸಂಗೀತವನ್ನು ಕಟ್ಟಿದನು. ಆ ಸೀಮೆಯಲ್ಲಿ ಪ್ರಾಣಿಗಳ ಕರುಳಿನಲ್ಲಿ ರಕ್ತಮಾಂಸಗಳನ್ನು ತುಂಬಿ ಹೊಗೆಯಲ್ಲಿಟ್ಟ ಸಾಸೇಜೆಂಬ ಆಹಾರವನ್ನು ತಿಂದವರು ಕೆಲವರು ವಿಚಿತ್ರವಾಗಿ ಸಾಯುತ್ತಿದ್ದರು. ಕೆರ್ನರನು ೧೮೨೦ರಲ್ಲಿ ೭೬ ರೋಗಿಗಳ, ೧೮೨೨ರಲ್ಲಿ ೧೫೫ ರೋಗಿಗಳ ವೃತ್ತಾಂತಗಳನ್ನು ಸೇರಿಸಿ ಗ್ರಂಥಗಳನ್ನು ಬರೆದನು. ಪ್ರಾಣಿಗಳ ಮೇಲೆ ಪ್ರಯೋಗಮಾಡಿದುದಲ್ಲದೆ ವಿಷವನ್ನು ಸ್ವಲ್ಪಮಟ್ಟಿಗೆ ತಾನೇ ರುಚಿನೋಡಿದನು. ಕಣ್ಣೀರು, ಲಾಲೆಗಳು ಬತ್ತುವುದು, ಪಾಪೆಗಳು ಅಗಲಿಸುವುದು, ಕರುಳು ನಿಲ್ಲುವುದು, ಮೂತ್ರವು ಕಟ್ಟುವುದು ಇವೆಲ್ಲವನ್ನೂ ಅವನು ಕಂಡನು. ಬುದ್ಧಿಯು ಮಾತ್ರ ಕಡೆಯವರೆಗೂ ತಿಳಿಯಾಗಿರುವುದನ್ನೂ ಗುರುತಿಸಿದನು. ವಿದ್ಯುತ್ತಿನ ತಂತಿಗೆ ತುಕ್ಕು ಹಿಡಿದಂತೆ ನರಗಳ ವಾಹಕಶಕ್ತಿಯು ತಡೆಯಲ್ಪಡುವುದೆಂದು ಅವನು ಕಟ್ಟಿದ ಉಪಮೆಯು ತತ್ತ್ವಕ್ಕೆ ಸಮೀಪವಾದುದು.

ಲ್ಯಾಟಿನ್ ಭಾಷೆಯಲ್ಲಿ ಸಾಸೇಜಿಗೆ ಬೊಟುಲುಸ್ ಎಂದು ಹೆಸರು. ವ್ಯಾಧಿಯ ಹೆಸರು ಅದರಿಂದಲೇ ಬಂದಿತು. ಬೆಲ್ಜಿಯಂ ದೇಶದ ಎಲ್ಲೆಜೆಲ್ ಎಂಬ ಗ್ರಾಮದಲ್ಲಿ ೧೮೯೫ರ ಡಿಸೆಂಬರಿನಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದವರು ಉಪ್ಪಿನಲ್ಲಿಟ್ಟ ಹಂದಿಯ ಮಾಂಸವನ್ನುಂಡು ಕಾಯಿಲೆಬಿದ್ದು, ಅವರಲ್ಲಿ ೩ ಮಂದಿ ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿದ್ವಾಂಸನು ಆ ಮಾಂಸದಿಂದಲೂ ಸತ್ತವನೊಬ್ಬನ ಶರೀರದಿಂದಲೂ, ಗಾಳಿಯಿಲ್ಲದ ಕಡೆ ಮಾತ್ರ ಬೆಳೆಯುವ ಒಂದು ಸೂಕ್ಷ್ಮಾಣುವನ್ನು ಬೇರ್ಪಡಿಸಿ ೧೮೯೭ರಲ್ಲಿ ವಿವರವನ್ನು ಪ್ರಕಟಿಸಿದನು. ಈಗ ಅದಕ್ಕೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂದು ಹೆಸರು. ಅದು ಮಣ್ಣಿನಲ್ಲಿ ಬೀಜರೂಪವಾಗಿ ವಾಸಿಸುತ್ತದೆ. ಬೀಜವು ಬಹುಕಾಲ ನಿದ್ರಿಸಬಲ್ಲುದು. ಅನುಕೂಲವಾದ ಆಹಾರದಲ್ಲಿ ಮೊಳೆತು ವಿಷವನ್ನುತ್ಪಾದಿಸುತ್ತದೆ.

ಈ ಸಂದರ್ಭದಲ್ಲಿ ಒಂದು ಎಚ್ಚರವು ಅವಶ್ಯ. ನಮ್ಮ ದೇಶದಲ್ಲಿ ಅಗದತಂತ್ರವು ಪ್ರಾಚೀನವಾದುದು. ಸುಶ್ರುತಸಂಹಿತೆಯ ಕಲ್ಪಸ್ಥಾನವು ಅನ್ನಪಾನರಕ್ಷಣೆಯಿಂದಲೇ ಆರಂಭವಾಗುತ್ತದೆ. ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನೇ ರಚಿಸಿದ್ದಾನೆ. ಆದಕಾರಣ ದೂಷೀವಿಷವೇ ಬೊಟುಲಿಸಂ, ವಿರುದ್ಧಾಹಾರವೇ ಬೊಟುಲಿಸಂ ಎಂದು ಸಮೀಕರಿಸುವ ಆಸೆ ಹುಟ್ಟುವುದು ಸಹಜ. ದೂಷೀವಿಷವು ಶಕ್ತಿಗುಂದಿ ಶರೀರದಲ್ಲಿ ಬಹುಕಾಲ ನೆಲಸಿ ಮೆಲ್ಲಮೆಲ್ಲನೆ ಬಾಧಿಸತಕ್ಕದ್ದು. ಬೊಟುಲಿಸಂ ಸಾಮಾನ್ಯವಾಗಿ ಉಂಡ ೧೨ರಿಂದ ೩೬ ಗಂಟೆಗಳಲ್ಲಿ ಎರಗತಕ್ಕದ್ದು. ವಿರುದ್ಧಾಹಾರವು ದ್ರವ್ಯಗಳ ಸಂಯೋಗಾದಿದೋಷ. ಇಲ್ಲಿನ ದೋಷವು ಸೂಕ್ಷ್ಮಾಣುವಿನದು. ಪ್ರಾಚೀನರ ಗೌರವವು ಇಂತಹ ಸಮೀಕರಣದಿಂದ ಹೆಚ್ಚತಕ್ಕದ್ದಲ್ಲ.

೪

ವಿಷವು ಮಾಡುವ ಕಾರ್ಯವನ್ನು ಇನ್ನು ವಿಚಾರಿಸಬಹುದು. ನರತಂತುವಿನ ತುದಿಯಲ್ಲಿ ಅಸೆಟೈಲ್‌ಕೋಲಿನ್ ಸೂಕ್ಷ್ಮ ಸಂಪುಟಗಳಲ್ಲಿ ತುಂಬಿರುತ್ತದೆ. ವಾರ್ತೆಯು ಬಂದೊಡನೆ ಸಂಪುಟವು ತುದಿಯ ಪೊರೆಗೆ ಅಂಟಿಕೊಂಡು ತೆರೆದು ದ್ರವ್ಯವನ್ನು ಹೊರಚೆಲ್ಲುತ್ತದೆ. ಸಂಪುಟವನ್ನು ಪೊರೆಗೆ ಎಳೆದು ಸೇರಿಸುವ ಕೆಲಸವನ್ನು ಕೆಲವು ಪ್ರೋಟೀನುಗಳು ಮಾಡುತ್ತವೆ. ಬೊಟುಲಿಸಂ ವಿಷದಲ್ಲಿ ಎರಡು ಭಾಗಗಳಿದ್ದು, ದೊಡ್ಡ ಭಾಗವು ನರದ ತುದಿಯನ್ನು ಹುಡುಕಿ ಹಿಡಿಯುತ್ತದೆ. ಚಿಕ್ಕ ಭಾಗವು ಒಳಹೊಕ್ಕು ಆ ಪ್ರೋಟೀನುಗಳನ್ನು ಕತ್ತರಿಸುತ್ತದೆ. ಅಸೆಟೈಲ್‌ಕೋಲಿನ್ ಹೊರಬೀಳದೆ ಹೋಗುವುದನ್ನು ಬರ್ಗನ್, ಡಿಕೆನ್ಸ್, ಝಾಟ್‌ಮನ್ ಎಂಬವರು ೧೯೪೯ರಲ್ಲಿಯೂ, ಕತ್ತರಿಸಲ್ಪಡುವ ಪ್ರೋಟೀನನ್ನು ಷಿಯಾವೊ, ಮೊಂಟೆಕುಕ್ಕೊ ಮೊದಲಾದವರು ೧೯೯೨ರಲ್ಲಿಯೂ ತೋರಿಸಿಕೊಟ್ಟರು. ನರವು ಸಾಯುವುದಿಲ್ಲ, ದ್ರವ್ಯವು ತಯಾರಾಗುತ್ತಲೇ ಇರುತ್ತದೆ, ಪತ್ರವನ್ನು ಬರೆದು ಲಕೋಟೆಯಲ್ಲಿಟ್ಟಮೇಲೆ ಮನೆಯ ಬಾಗಿಲು ಹೊರಗಿನಿಂದ ಮುಚ್ಚಿದಂತೆ ಅದು ಹೊರಗೆ ಹೋಗಲಾರದು. ರಕ್ತಕ್ಕೆ ನೇರವಾಗಿ ಸೇರಿದಲ್ಲಿ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆಯಾದ ಪ್ರಮಾಣವು ಒಬ್ಬ ಮನುಷ್ಯನನ್ನು ಕೊಲ್ಲಲು ಸಾಕು.

ಲಕ್ಷಣಗಳನ್ನು ಸಾತ್ತ್ವಿಕಭಾವಗಳ ಕ್ರಮದಲ್ಲಿಯೇ ನೋಡಬಹುದು. ಅಶ್ರುವು ಬತ್ತುತ್ತದೆ, ಕಣ್ಣು ಉರಿಯುತ್ತದೆ. ಸ್ವೇದವು ಕಡಿಮೆಯಾಗುತ್ತದೆ. ಬಾಯಿ ಎಷ್ಟು ಒಣಗುತ್ತದೆಂದರೆ ನೀರು ಕುಡಿದರೂ ನಾಲಗೆಯ ಒಣಗು ಹೋಗದು. ಪಾಪೆಯು ಅಗಲಿಸಿ ಬೆಳಕಿಗೆ ಸರಿಯಾಗಿ ಕುಗ್ಗದು. ಹತ್ತಿರದ ಅಕ್ಷರಗಳು ಮಸಕಾಗುವುವು. ಕರುಳು ನಿಂತು ಹೊಟ್ಟೆಯುಬ್ಬರಿಸುತ್ತದೆ, ಮಲಮೂತ್ರಗಳು ಕಟ್ಟುವುವು. ಕುಳಿತವನು ಎದ್ದಾಗ ರಕ್ತದ ಒತ್ತಡವು ಕುಸಿದು ತಲೆ ತಿರುಗುತ್ತದೆ. ಸಂದರ್ಭಕ್ಕೆ ತಕ್ಕಂತೆ ವೇಗವನ್ನು ಬದಲಿಸುವ ಶಕ್ತಿಯು ಹೃದಯಕ್ಕೆ ಕುಗ್ಗುತ್ತದೆ. ರೋಮಾಂಚ ವೈವರ್ಣ್ಯಗಳ ಎರಡನೆಯ ತಂತುವಿನಲ್ಲಿ ನಾರಡ್ರಿನಲಿನ್ ಎಂಬ ಬೇರೊಂದು ದ್ರವ್ಯವಿದ್ದರೂ ಮೊದಲನೆಯ ತಂತುವು ಅಸೆಟೈಲ್‌ಕೋಲಿನ್ನನ್ನೇ ಅವಲಂಬಿಸಿರುವುದರಿಂದ ಅವೂ ಬಾಧೆಗೆ ಹೊರತಾದವಲ್ಲ. ಬಿ ಜಾತಿಯ ವಿಷದಲ್ಲಿ ಈ ಸ್ವಾಯತ್ತಲಕ್ಷಣಗಳು ಹೆಚ್ಚು ಸ್ಫುಟವಾಗಿರುವುವು.

ಇವುಗಳೊಡನೆ ಸ್ನಾಯುಗಳ ಸೋಲು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ರೆಪ್ಪೆಗಳು ಜೋಲುವುವು, ಒಂದು ವಸ್ತುವು ಎರಡಾಗಿ ತೋರುವುದು, ಮಾತು ತೊದಲುವುದು, ನುಂಗುವುದು ಕಷ್ಟವಾಗುವುದು, ಬಳಿಕ ಕುತ್ತಿಗೆ, ತೋಳುಗಳು, ಕಡೆಗೆ ಉಸಿರಾಟದ ಸ್ನಾಯುಗಳು ಸೋಲುವುವು. ಜ್ವರವಿಲ್ಲ, ಸ್ಪರ್ಶಜ್ಞಾನವು ಕೆಡುವುದಿಲ್ಲ. ವಿಷವು ಮಿದುಳನ್ನು ಪ್ರವೇಶಿಸದೆ ಇರುವುದರಿಂದ ಎಂಟನೆಯದಾದ ಪ್ರಲಯವು, ಎಂದರೆ ಪ್ರಜ್ಞಾಲೋಪವು, ಉಸಿರು ಕುಂದುವ ತನಕ ಉಂಟಾಗುವುದಿಲ್ಲ. ಸ್ಥಾಯಿಭಾವವು ಒಳಗೆ ಪೂರ್ಣವಾಗಿದ್ದು ಅದನ್ನು ಹೊರಗೆ ತೋರಿಸುವ ಸಾಧನಗಳೆಲ್ಲ ಕಡಿದುಹೋದ ಸ್ಥಿತಿ ಇದು. ತೊದಲುವ ಮಾತನ್ನೂ ಜೋಲುವ ರೆಪ್ಪೆಯನ್ನೂ ಕಂಡು ಕುಡಿದಿದ್ದಾನೆಂದು ತಿಳಿದು ರೋಗಿಯನ್ನು ಮಲಗಿಸಿಬಿಡುವ ಪ್ರಮಾದವು ಸುಲಭವಾಗಿ ಸಂಭವಿಸತಕ್ಕದ್ದು.

೫

ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳಂತಹ ಒಕ್ಕಲುನಾಡಿನಲ್ಲಿ ಇದಕ್ಕೆ ಹೋಲುವ ಬೇರೆ ಮೂರು ವಿಷಗಳ ಪರಿಚಯವು ಜನರಿಗೆ ಹೆಚ್ಚು. ಅವುಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಪಾಠಭೇದಗಳಲ್ಲಿ ಒಂದಕ್ಷರವನ್ನು ತಪ್ಪಾಗಿ ಹಿಡಿದರೆ ಅರ್ಥವು ಕೆಡುತ್ತದೆ. ಇಲ್ಲಿ ಕೆಡುವುದು ಪ್ರಾಣ.

ಮೊದಲನೆಯದು ಬೇಲಿಗಳಲ್ಲಿ ಬೆಳೆಯುವ ಮದಗುಣಿಕೆ ಅಥವಾ ದತ್ತೂರಿ. ಇದರಲ್ಲಿಯೂ ಬಾಯಿ ಒಣಗುತ್ತದೆ, ಪಾಪೆ ಅಗಲಿಸುತ್ತದೆ, ಮೂತ್ರವು ಕಟ್ಟುತ್ತದೆ. ಅಸೆಟೈಲ್‌ಕೋಲಿನ್ ಹೊರಬಂದರೂ ಅಂಗಗಳು ಅದನ್ನು ಸ್ವೀಕರಿಸದಂತೆ ಇದು ತಡೆಯುತ್ತದೆ. ಆದರೆ ಇದು ಮಿದುಳನ್ನು ಸೇರಿ ಭ್ರಮೆ, ಪ್ರಲಾಪಗಳನ್ನುಂಟುಮಾಡುವುದು. ಗಿಡಕ್ಕೆ ಸಂಸ್ಕೃತದಲ್ಲಿ ಉನ್ಮತ್ತವೆಂದು ಹೆಸರು ಬಂದುದು ಅದರಿಂದಲೇ. ಮೈ ಬಿಸಿಯೇರುವುದೂ ನಾಡಿಯು ವೇಗವಾಗುವುದೂ ಇದರ ಲಕ್ಷಣಗಳು. ಸ್ನಾಯುಗಳ ಸೋಲು ಇದರಲ್ಲಿಲ್ಲ.

ಎರಡನೆಯದು ಹತ್ತಿ, ಗೋವಿನಜೋಳ ಮೊದಲಾದ ಬೆಳೆಗಳಿಗೆ ಸಿಂಪಡಿಸುವ ಆರ್ಗನೊಫಾಸ್ಫೇಟ್ ವರ್ಗದ ಕೀಟನಾಶಕ. ಹೊರಬಿದ್ದ ಅಸೆಟೈಲ್‌ಕೋಲಿನ್ನನ್ನು ಕ್ಷಣದಲ್ಲಿ ಅಳಿಸುವ ಒಂದು ಕಿಣ್ವವು ಶರೀರದಲ್ಲುಂಟು. ಈ ಔಷಧಗಳು ಆ ಕಿಣ್ವವನ್ನು ನಿಷ್ಕ್ರಿಯಗೊಳಿಸುವುದರಿಂದ ಅಸೆಟೈಲ್‌ಕೋಲಿನ್ ಮಿತಿಮೀರಿ ಸೇರುತ್ತದೆ. ಚಿತ್ರವು ಪೂರ್ಣವಾಗಿ ವಿಪರೀತ: ಜೊಲ್ಲು, ಕಣ್ಣೀರು, ಬೆವರು ಧಾರೆಯಾಗಿ ಸುರಿಯುವುವು, ಪಾಪೆಯು ಸೂಜಿಯ ಮೊನೆಯಷ್ಟಾಗುವುದು, ಭೇದಿಯಾಗುವುದು. ಇದಕ್ಕೆ ಕೊಡುವ ಅಟ್ರೋಪಿನ್ ದತ್ತೂರಿಯ ಸಾರಕ್ಕೆ ಸಜಾತೀಯವಾದುದು. ಮೊದಲೇ ಒಣಗಿದ ಬೊಟುಲಿಸಂ ರೋಗಿಗೆ ಇದೇ ಔಷಧವನ್ನು ಕೊಟ್ಟರೆ ಹಾನಿಯ ಮೇಲೆ ಹಾನಿಯನ್ನು ಹೇರಿದಂತೆ.

ಮೂರನೆಯದು ಕಟ್ಟುಹಾವಿನ ಕಡಿತ. ಇದರ ವಿಷವೂ ನರದ ತುದಿಯನ್ನೇ ಕೆಡಿಸುವುದರಿಂದ ರೆಪ್ಪೆ ಜೋಲುವುದು, ಮಾತು ತೊದಲುವುದು, ಉಸಿರು ನಿಲ್ಲುವುದು ಎಲ್ಲವೂ ಬೊಟುಲಿಸಂ ಅನ್ನು ಹೋಲುತ್ತವೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ನೋವಿಲ್ಲದೆ ಕಚ್ಚುವ ಹಾವಾದುದರಿಂದ ಗಾಯವೂ ಕಾಣದೆ ಹೋಗಬಹುದು. ಮಲಗಿದ ಸ್ಥಳ, ಬೆಳಗಿನ ಹೊಟ್ಟೆನೋವು, ಒಂದೇ ಅಡಿಗೆಯನ್ನುಂಡ ಇತರರ ಸ್ಥಿತಿ ಇವನ್ನು ವಿಚಾರಿಸಿ ನಿರ್ಣಯಿಸತಕ್ಕದ್ದು. ಒಟ್ಟಿಗೆ ಉಂಡವರಲ್ಲಿ ಇಬ್ಬರಿಗೆ ಬಾಯಿ ಒಣಗಿ ಕಣ್ಣು ಮಸಕಾದರೆ ಬೊಟುಲಿಸಂ ಎಂಬ ಶಂಕೆಗೆ ಅಷ್ಟೇ ಸಾಕು.

೬

ಸೇವು ಮೊದಲಾದ ತಿಂಡಿಗಳಿಗೂ ಈ ವ್ಯಾಧಿಗೂ ಸಂಬಂಧವುಂಟೆ ಎಂದು ಕೇಳಿದರೆ, ಭಾರತದಲ್ಲಿಯೇ ಒಂದು ನಿದರ್ಶನವಿದೆ. ಗುಜರಾತದ ಒಂದು ವಸತಿಶಾಲೆಯಲ್ಲಿ ೧೯೯೬ರಲ್ಲಿ ೩೪ ವಿದ್ಯಾರ್ಥಿಗಳು ಕಾಯಿಲೆಬಿದ್ದು ೩ ಮಂದಿ ಸತ್ತರು. ಕಡಲೆಹಿಟ್ಟಿನ ಸೇವಿನಲ್ಲಿ ಇದೇ ವಿಷವನ್ನು ಹುಟ್ಟಿಸಬಲ್ಲ ಕ್ಲಾಸ್ಟ್ರಿಡಿಯಂ ಬ್ಯುಟಿರಿಕಂ ಎಂಬ ಸೂಕ್ಷ್ಮಾಣುವು ಸಿಕ್ಕಿದುದರಿಂದ ಅದನ್ನು ಶಂಕಿತ ಬೊಟುಲಿಸಂ ಎಂದು ವಿದ್ವಾಂಸರು ಪ್ರಕಟಿಸಿದರು. ಸವಣೂರಿನ ಖಾರದಂತಹ ತಿಂಡಿಗಳಿಗೆ ಇದರಿಂದ ಕಳಂಕವನ್ನು ಹಚ್ಚಬೇಕಾದುದಿಲ್ಲ. ಚೆನ್ನಾಗಿ ಕರಿದು ತೇವವಿಲ್ಲದೆ ಇಟ್ಟ ಪದಾರ್ಥದಲ್ಲಿ ಈ ಸೂಕ್ಷ್ಮಾಣುವು ಬೆಳೆಯಲಾರದು. ತೇವ ಸೇರದಂತೆ ಕಾಯುವುದೇ ಕರ್ತವ್ಯ.

ಉಪ್ಪಿನಕಾಯಿಯ ವಿಷಯದಲ್ಲಿ ಎಚ್ಚರವು ಹೆಚ್ಚು ಬೇಕು. ಆಮ್ಲತೆಯನ್ನಳೆಯುವ ಪಿಎಚ್ ಮಾನದಲ್ಲಿ ೪.೬ಕ್ಕಿಂತ ಕೆಳಗಿರುವ ಹುಳಿಯಲ್ಲಾಗಲಿ, ನೀರಿನ ಅಂಶದಲ್ಲಿ ನೂರಕ್ಕೆ ೧೦ರಷ್ಟಿರುವ ಉಪ್ಪಿನಲ್ಲಾಗಲಿ ಇದು ಬೆಳೆಯದು. ಮಾವು, ನಿಂಬೆಗಳಿಗೆ ಹುಳಿಯು ಸ್ವಭಾವಸಿದ್ಧ. ಬೆಳ್ಳುಳ್ಳಿಗೂ ತರಕಾರಿಗಳಿಗೂ ಅದು ಇಲ್ಲ. ಮೇಲೆ ನಿಂತ ಎಣ್ಣೆಯು ಬೂಷ್ಟನ್ನು ತಡೆಯುವುದು ನಿಜ. ಗಾಳಿಯನ್ನು ತಡೆದು ಈ ಸೂಕ್ಷ್ಮಾಣುವಿಗೆ ಬೇಕಾದ ಸ್ಥಿತಿಯನ್ನು ಕೊಡುವುದೂ ಅಷ್ಟೇ ನಿಜ. ಕೆನಡಾ ದೇಶದ ವ್ಯಾಂಕೂವರಿನಲ್ಲಿ ೧೯೮೫ರಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ ಬೊಟುಲಿಸಂ ಹರಡಿತು. ಆರೋಗ್ಯಕ್ಕೆಂದು ಉಪ್ಪನ್ನೂ ರುಚಿಗೆಂದು ಹುಳಿಯನ್ನೂ ತಗ್ಗಿಸಿ ಎಣ್ಣೆಯನ್ನು ಮಾತ್ರ ಉಳಿಸಿಕೊಂಡರೆ ಅಜ್ಜಿಯರ ಕ್ರಮದಲ್ಲಿದ್ದ ರಕ್ಷಣೆಯೇ ಹೋಗುತ್ತದೆ. ಅಂತಹುದನ್ನು ಸ್ವಲ್ಪವಾಗಿ ಮಾಡಿ ಶೀತಪೆಟ್ಟಿಗೆಯಲ್ಲಿಟ್ಟು ಬೇಗನೆ ಮುಗಿಸತಕ್ಕದ್ದು. ಕುದಿಯುವ ನೀರಿನಿಂದ ಬೀಜವು ಸಾಯದು, ಅದಕ್ಕೆ ೧೨೧ ಡಿಗ್ರಿ ಸೆಲ್ಸಿಯಸ್ ಉಷ್ಣವು ಬೇಕು. ವಿಷವಾದರೋ ೮೫ ಡಿಗ್ರಿಯಲ್ಲಿ ೫ ನಿಮಿಷ ಬೆಂದರೆ ನಾಶವಾಗುತ್ತದೆ. ಮುಚ್ಚಿಟ್ಟುದನ್ನು ಉಣ್ಣುವ ಮುನ್ನ ಚೆನ್ನಾಗಿ ಕುದಿಸುವುದು ಆದಕಾರಣ ಶ್ರೇಯಸ್ಕರ. ಉಬ್ಬಿದ ಡಬ್ಬಿಯನ್ನು ರುಚಿಯನ್ನೂ ನೋಡದೆ ಬಿಸಾಡತಕ್ಕದ್ದು.

೭

ಇನ್ನೊಂದು ವಿಷಯವು ಶಾಸ್ತ್ರಜ್ಞರಿಗೇ ಸಂಬಂಧಿಸಿದುದು. ಒಂದು ವರ್ಷ ತುಂಬದ ಶಿಶುವಿನ ಕರುಳಿನಲ್ಲಿ ಇತರ ಸೂಕ್ಷ್ಮಾಣುಗಳು ಇನ್ನೂ ನೆಲೆಗೊಂಡಿರುವುದಿಲ್ಲವಾದುದರಿಂದ ಬೀಜವು ಅಲ್ಲಿಯೇ ಮೊಳೆತು ವಿಷವನ್ನು ಬಿಡಬಲ್ಲುದು. ಶಿಶುಗಳ ಈ ವ್ಯಾಧಿಯು ೧೯೭೬ರಲ್ಲಿ ಅಮೆರಿಕದಲ್ಲಿ ಗುರುತಿಸಲ್ಪಟ್ಟಿತು. ಅದರ ಮೊದಲ ಗುರುತು ಬಹುಧಾ ಮಲಬದ್ಧತೆ. ಬಳಿಕ ಅಳುವಿನ ದನಿಯು ಕ್ಷೀಣಿಸುವುದು, ಹಾಲನ್ನು ಹೀರುವ ಶಕ್ತಿ ಕುಗ್ಗುವುದು, ಕುತ್ತಿಗೆಯು ನಿಲ್ಲದಿರುವುದು. ಬೀಜಗಳು ಸೇರುವ ಮಾರ್ಗಗಳಲ್ಲಿ ಜೇನುತುಪ್ಪವೂ ಒಂದೆಂದು ಸ್ಥಿರಪಟ್ಟಿದೆ. ಹುಟ್ಟಿದ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸುವ ವಾಡಿಕೆಯು ನಮ್ಮಲ್ಲುಂಟು; ಜಾತಕರ್ಮದಲ್ಲಿ ಮಧುಸರ್ಪಿಗಳ ಪ್ರಾಶನವು ಗೃಹ್ಯಸೂತ್ರಗಳಲ್ಲಿ ವಿಹಿತವಾಗಿದೆ. ಆ ಕರ್ಮದ ಉದ್ದಿಷ್ಟಫಲಗಳು ಶಿಶುವಿನ ಮೇಧೆ ಮತ್ತು ಆಯುಸ್ಸು. ಆಯುಸ್ಸಿಗಾಗಿ ಮಾಡುವ ಕರ್ಮದ ದ್ರವ್ಯವೇ ಆಯುಸ್ಸಿಗೆ ಅಪಾಯವಾಗಬಹುದೆಂದು ತಿಳಿದಮೇಲೆ ಆ ದ್ರವ್ಯವನ್ನು ಶಿಶುವಿನ ಬಾಯಿಗೆ ಮುಟ್ಟಿಸದೆ ಕರ್ಮವನ್ನು ಮುಗಿಸುವುದು ವಿಧಿಯ ಉದ್ದೇಶವನ್ನು ಪಾಲಿಸಿದಂತೆಯೇ ಸರಿ. ಅಪಾಯವು ವಿರಳವೆಂಬ ಸಮಾಧಾನವು ಮಗುವನ್ನು ಕಳೆದುಕೊಂಡ ತಾಯಿಗೆ ಹೇಳತಕ್ಕ ಮಾತಲ್ಲ. ಪೌರೋಹಿತ್ಯಮಾಡುವವರೇ ಇದನ್ನು ಮನೆಯವರಿಗೆ ತಿಳಿಸಿದರೆ ಒಳ್ಳೆಯದು.

೮

ಚಿಕಿತ್ಸೆಯಲ್ಲಿ ಕಾಲವೇ ಪ್ರಧಾನ. ಪ್ರತಿವಿಷವೆಂಬ ಔಷಧವುಂಟು, ಅದು ರಕ್ತದಲ್ಲಿ ಸಂಚರಿಸುತ್ತಿರುವ ವಿಷವನ್ನು ಮಾತ್ರ ಕಟ್ಟಬಲ್ಲುದು, ನರದ ಒಳಹೊಕ್ಕುದನ್ನು ಹೊರಗೆಳೆಯಲಾರದು. ಆದುದರಿಂದ ಶಂಕೆ ಹುಟ್ಟಿದ ಕೂಡಲೆ, ಉಸಿರಾಟದ ಯಂತ್ರವಿರುವ ಹಾವೇರಿ, ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗಗಳ ದೊಡ್ಡ ಆಸ್ಪತ್ರೆಗಳಲ್ಲಿ ಸಮೀಪವಾದುದಕ್ಕೆ ರೋಗಿಯನ್ನು ಒಯ್ಯತಕ್ಕದ್ದು. ತಿಂದ ಆಹಾರದಲ್ಲಿ ಉಳಿದುದನ್ನು ಮುಚ್ಚಿ ಜೊತೆಗೆ ಕೊಂಡೊಯ್ಯತಕ್ಕದ್ದು. ನುಂಗಲಾರದವನ ಬಾಯಿಗೆ ನೀರನ್ನಾಗಲಿ ಕಷಾಯವನ್ನಾಗಲಿ ಹೊಯ್ಯಬಾರದು. ಉಸಿರನ್ನು ಯಂತ್ರದಿಂದ ನಡೆಯಿಸಿದರೆ ನರಗಳು ಹೊಸ ಚಿಗುರುಗಳನ್ನು ಬಿಟ್ಟು ವಾರಗಳಲ್ಲಿ, ತಿಂಗಳುಗಳಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ. ಕೈಕಾಲುಗಳು ಆಡಿದಮೇಲೂ ಬಾಯಿಯ ಒಣಗು, ಮಲಬದ್ಧತೆಗಳು ಕೆಲವರಲ್ಲಿ ಬಹುದಿನ ಉಳಿಯುವುದುಂಟು.

ಯುಕ್ತಿಯಿಂದ ಬಳಸಿದರೆ ವಿಷವೂ ಔಷಧವಾಗುವುದೆಂಬ ಚರಕನ ಅಭಿಪ್ರಾಯಕ್ಕೆ ಈ ವಿಷವೂ ಉದಾಹರಣೆಯಾಯಿತು. ಅತಿಯಾದ ಸ್ರಾವಗಳನ್ನು ಇದರಿಂದ ತಡೆಯಬಹುದೆಂದು ಕೆರ್ನರನೇ ಊಹಿಸಿದ್ದನು. ಈಗ ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ಇದನ್ನು ಚುಚ್ಚಿ ಅತಿಸ್ವೇದವನ್ನೂ ಜೊಲ್ಲಿನ ಸ್ರಾವವನ್ನೂ ಮೂತ್ರಾಶಯದ ಅತಿಚಾಂಚಲ್ಯವನ್ನೂ ಶಮನಗೊಳಿಸುತ್ತಾರೆ. ಶರೀರವೆಲ್ಲವನ್ನೂ ಒಣಗಿಸುವ ಶಕ್ತಿಯನ್ನೇ ಒಂದು ಸ್ಥಾನದಲ್ಲಿ ಕಟ್ಟಿ ದುಡಿಸಿದಂತಾಯಿತು.

ಕಡೆಯದಾಗಿ ರೋಗಿಯ ಬಳಿಯಲ್ಲಿರುವವರು ನೆನೆಯತಕ್ಕ ಸಂಗತಿಯೊಂದುಂಟು. ಯಂತ್ರದ ಸಹಾಯದಿಂದ ಉಸಿರಾಡುತ್ತ, ರೆಪ್ಪೆಯನ್ನೆತ್ತಲಾರದೆ ನಿಶ್ಚಲನಾಗಿ ಮಲಗಿರುವವನು ಎಲ್ಲವನ್ನೂ ಕೇಳುತ್ತಿರುತ್ತಾನೆ. ಮುಟ್ಟಿದುದು ಅವನಿಗೆ ತಿಳಿಯುತ್ತದೆ. ಅವನ ಮುಂದೆ ನಿರಾಶೆಯ ಮಾತನ್ನಾಡಬಾರದು. ಹೆಸರುಹಿಡಿದು ಮಾತನಾಡಿಸಬೇಕು, ಕೈಯನ್ನು ಹಿಡಿಯಬೇಕು. ಅವನ ಕಣ್ಣಿನಲ್ಲಿ ನೀರಿಲ್ಲವೆಂಬುದರಿಂದ ಅವನಲ್ಲಿ ದುಃಖವಿಲ್ಲವೆಂದು ತಿಳಿಯತಕ್ಕದ್ದಲ್ಲ.